‘ಬಿದ್ದ’ ಅನ್ನುವ ಶಬ್ದ ತೆಗೆದ ಮೇಲೆ

ನಮ್ಮದು ಶಿರಸಿ ಕಡೆಯ ಒಂದು ಹಳ್ಳಿ. ನಾನು ಚಿಕ್ಕವನಿದ್ದಾಗ ಪಕ್ಕದ ತೋಟದಲ್ಲಿ ಒಬ್ಬರು ಕೊಳೆ ರೋಗಕ್ಕೆ ಮದ್ದು ಹೊಡೆಯುವಾಗ ಅಡಿಕೆ ಮರದಿಂದ ಬಿದ್ದು ತೀರಿಕೊಂಡಿದ್ದರು. ನಾನು ಕಂಡಿದ್ದಲ್ಲ, ಕೇಳಿದ್ದು. ಎಷ್ಟೋ ವರ್ಷ ಬಿಟ್ಟು ಅದನ್ನೇ ಕಥೆ ಮಾಡಲು ಕೂತೆ. ಗಣಪ ಅಂತ ಹೆಸರಿಟ್ಟೆ. ಮೊದಲ ಸಲ ಬರೆದ ಸಾಲು ಹೀಗಿತ್ತು:

‘ಧೋ ಎಂದು ಸುರಿಯುತ್ತಿದ್ದ ವರ್ಷಧಾರೆಯ ನಡುವೆ ಬೋರ್ಡೋ ದ್ರಾವಣ ಸಿಂಪಡಿಸುತ್ತಿದ್ದ ಗಣಪ ಆಯತಪ್ಪಿ ಕೆಳಗುರುಳಿ ಅಸುನೀಗಿದನು.’

ಆಗ ಈ ಸಾಲಿನ ಮೇಲೆ ನನಗೆ ಭಾರಿ ಹೆಮ್ಮೆ. ಪತ್ರಿಕೆಯೊಂದಕ್ಕೆ ಕಳಿಸಿದೆ, ವಾಪಸ್ ಬಂತು. ಆಮೇಲೆ ಆಯಿಗೆ, ಅಂದರೆ ಅಮ್ಮನಿಗೆ, ಓದಿ ಹೇಳಿದೆ. ಅವಳು ಮೆಟ್ಟುಗತ್ತಿಯ ಮೇಲೆ ಕೂತು ಅಡಿಕೆ ಸುಲಿಯುತ್ತಿದ್ದಳು. ತಲೆ ಎತ್ತದೆ ಕೇಳಿದಳು, “ಮಳೆ ಬಪ್ಪಕಾದ್ರೆ ಯಾರು ಮದ್ದು ಹೊಡೆತ ತಮಾ? ಪೂರಾ ತೊಳ್ಕಂಡು ಹೋಗ್ತು.”

ಹೌದಲ್ಲ! ಬೋರ್ಡೋ ಅಂದರೆ ಇದೇ ಮದ್ದು: ಮೈಲುತುತ್ತು, ಸುಣ್ಣ ಒಂದೊಂದು ಕೆಜಿ, ನೂರು ಲೀಟರ್ ನೀರು. ಅದನ್ನು ಕದಡಿ ಹೊಡೆಯುವುದೇ ಮಳೆ ಸ್ವಲ್ಪ ಬಿಟ್ಟಾಗ. ನಮ್ಮಲ್ಲಿ ಅದಕ್ಕೆ ಹೊಳವು ಅನ್ನುತ್ತಾರೆ. ‘ವರ್ಷಧಾರೆ’ ಅನ್ನುವ ಶಬ್ದದ ಚಂದಕ್ಕೆ ಬಿದ್ದು ನಾನು ತೋಟವನ್ನೇ ಮರೆತಿದ್ದೆ. ಹೊಳವು ಅಂತ ಬರೆದ ಕೂಡಲೇ ಕಥೆಗೆ ಒಂದು ಅವಸರ ಬಂತು, ಯಾಕೆಂದರೆ ಹೊಳವು ಎಷ್ಟು ಹೊತ್ತು ಇರುತ್ತದೆ ಅಂತ ಯಾರಿಗೂ ಗೊತ್ತಿಲ್ಲ, ಅಷ್ಟರೊಳಗೆ ತೋಟ ಮುಗಿಸಬೇಕು, ಗಣಪ ಯಾಕೆ ಗಡಿಬಿಡಿ ಮಾಡಿದ ಅಂತ ಬೇರೆ ಹೇಳುವ ಕೆಲಸವೇ ಇಲ್ಲ.

‘ಸಿಂಪಡಿಸಿದ’ ಹೋಗಿ ‘ಹೊಡೆದ’ ಬಂತು. ‘ಅಸುನೀಗಿದ’ ಬದಲಿಗೆ ಏನು? ಇಲ್ಲಿ ಸಿಕ್ಕಿಬಿದ್ದೆ. ‘ಸತ್ತ’ ಅಂದರೆ ಒರಟು. ‘ನಿಧನನಾದ’ ಅಂದರೆ ಪೇಪರಿನ ಸುದ್ದಿ. ‘ತೀರಿಕೊಂಡ’ ಅಂದರೆ ಹಾಸಿಗೆ ಹಿಡಿದು, ನೆಂಟರೆಲ್ಲ ಬಂದು ನೋಡಿಕೊಂಡು ಹೋದ ಸಾವು ಅನಿಸುತ್ತದೆ. ‘ಹೋಗಿಬಿಟ್ಟ’ ಸುಮಾರು ಸರಿ, ಆದರೆ ಆ ‘ಬಿಟ್ಟ’ದಲ್ಲಿ ಹೇಳುವವನ ಸಂಕಟ ಮೊದಲೇ ಕೇಳಿಸಿಬಿಡುತ್ತದೆ. ಓದುವವರಿಗೆ ಏನೂ ಉಳಿಯುವುದಿಲ್ಲ.

ಅದನ್ನು ಹಾಗೇ ಬಿಟ್ಟು ಕಥೆಯ ಓಟದ ಕಡೆ ತಿರುಗಿದೆ. ಚಿಕ್ಕ ವಾಕ್ಯ ಬರೆದರೆ ವೇಗ ಬರುತ್ತದೆ ಅಂತ ಎಲ್ಲೋ ಓದಿದ್ದೆ. ಇಡೀ ಕಥೆ ಹಾಗೇ ಬರೆದೆ. ಗಣಪ ಎದ್ದ. ಚಾ ಕುಡಿದ. ತೋಟಕ್ಕೆ ಹೋದ. ಕಾರವಾರದ ಗೆಳೆಯನೊಬ್ಬ ಗಟ್ಟಿಯಾಗಿ ಓದಿ, “ಏನೋ ಇದು, ಬಿಕ್ಕಳಿಕೆ ಬಂದ ಹಾಗಿದೆ” ಅಂದ. ಸರಿಯಾಗೇ ಹೇಳಿದ. ಒಂದೊಂದು ಚುಕ್ಕಿಗೂ ನಿಂತು ನಿಂತು, ಬೀಳುವ ಜಾಗಕ್ಕೆ ಬರುವಾಗ ಓದುವವರಿಗೆ ನಿಲ್ಲುವುದು ರೂಢಿಯಾಗಿ ಹೋಗಿತ್ತು.

ನಮ್ಮ ಭಾಷೆಯಲ್ಲಿ ಓಟ ಇರುವುದು ‘ಹತ್ತಿ, ಎಳೆದು, ಬಾಗಿಸಿ’ ಅಂತ ಮುಗಿಯದೆ ಮುಂದಕ್ಕೆ ತಳ್ಳುವ ಕ್ರಿಯಾಪದಗಳಲ್ಲಿ. ಎಷ್ಟು ಬೇಕಾದರೂ ಪೋಣಿಸುತ್ತಾ ಹೋಗಬಹುದು, ಪೂರ್ಣ ಕ್ರಿಯಾಪದ ಬರುವ ತನಕ ಓದುವವರು ಉಸಿರು ಬಿಡುವ ಹಾಗಿಲ್ಲ. ಇದು ವ್ಯಾಕರಣ ಪುಸ್ತಕದಲ್ಲಿ ಓದಿದ್ದು ಹೌದು, ಆದರೆ ತಲೆಗೆ ಹತ್ತಿದ್ದು ಯಕ್ಷಗಾನದ ಆಟ ನೋಡುವಾಗ. ಭಾಗವತರು ಕಾಲ ಏರಿಸುತ್ತಾ ಹೋಗುತ್ತಾರೆ, ಚಂಡೆ ಜಾಸ್ತಿಯಾಗುತ್ತಾ ಹೋಗುತ್ತದೆ, ವೇಷ ಗಿರಕಿ ಹೊಡೆಯುತ್ತದೆ, ಪಟ್ಟಂತ ಎಲ್ಲ ನಿಲ್ಲುತ್ತದೆ. ಆ ನಿಂತ ಜಾಗದಲ್ಲೇ ನಿದ್ದೆಗಣ್ಣಿನವನೂ ಎದ್ದು ಕೂರುತ್ತಾನೆ, ಅಲ್ವಾ? ಮೊದಲಿನಿಂದ ನಿಂತೇ ಇದ್ದಿದ್ದರೆ ಯಾರು ಏಳುತ್ತಿದ್ದರು?

ಮನೆಗೆ ಬಂದು ಮತ್ತೆ ಬರೆದೆ.

‘ಮಳೆ ಹೊಳವಾಯಿತು. ಗಣಪ ಪೈಪು ಹೆಗಲಿಗೆ ಹಾಕಿಕೊಂಡು ಮರ ಹತ್ತಿ, ಒಂದು ಗೊನೆಗೆ ಹೊಡೆದು, ಇನ್ನೊಂದಕ್ಕೆ ಹೊಡೆದು, ಪಕ್ಕದ ಮರವನ್ನು ಕೈ ಚಾಚಿ ಎಳೆದುಕೊಂಡು, ಒಂದು ಕಾಲು ದಾಟಿಸಿ ಇನ್ನೊಂದನ್ನು ಎತ್ತುವಾಗ ಕೆಳಗಿನಿಂದ ಯಾರೋ ಕರೆದರು. ತಿರುಗಿದ. ಪೈಪು ಮೇಲೇ ಸಿಕ್ಕಿಕೊಂಡಿತ್ತು. ನೀಲಿ ನೀರು ತೊಟ್ಟಿಕ್ಕುತ್ತಿತ್ತು.’

‘ಬಿದ್ದ’ ಅಂತ ಇಲ್ಲ. ‘ಸತ್ತ’ ಅಂತಲೂ ಇಲ್ಲ. ತೆಗೆಯಬೇಕು ಅಂತ ಲೆಕ್ಕ ಹಾಕಿ ತೆಗೆದದ್ದಲ್ಲ. ‘ತಿರುಗಿದ’ ಆದಮೇಲೆ ‘ಬಿದ್ದ’ ಬರೆದು ನೋಡಿದೆ, ಸುಮ್ನೆ ಹೇಳಿದ್ದನ್ನೇ ಹೇಳಿದಂತಾಯಿತು, ಹೊಡೆದು ಹಾಕಿದೆ. ಬೋರ್ಡೋ ಅನ್ನುವ ಹೆಸರು ಹೋದರೂ ಅದರ ಬಣ್ಣ ಉಳಿಯಿತು.

ಇದನ್ನೂ ಆಯಿಗೆ ಓದಿದೆ. ಈ ಸಲ ತಪ್ಪು ಹುಡುಕಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, “ಮನೆಗೆ ತರ ತಂಕವೂ ಇರ್ಲಿಲ್ಯಡ” ಅಂದಳು. ಆ ‘ಅಡ’ ನಮ್ಮ ಹವ್ಯಕರ ಮಾತಿನ ‘ಅಂತೆ’. ಅವಳೂ ಕಂಡಿರಲಿಲ್ಲ, ಅವಳಿಗೂ ಯಾರೋ ಹೇಳಿದ್ದು. ನಾನು ಅಲ್ಲೇ ನಿಂತು ನೋಡಿದವನ ಹಾಗೆ ‘ತಿರುಗಿದ’ ಅಂತ ಬರೆದುಕೊಂಡಿದ್ದೆ!

ಹಾಗಂತ ಎಲ್ಲ ಕಡೆ ‘ಅಂತೆ’ ಹಾಕಿದರೆ ಓಟ ಕೆಡುತ್ತದೆ. ಹಾಕಿ ನೋಡಿದೆ, ಕಟ್ಟೆ ಹರಟೆ ಆಯಿತು. ಕೊನೆಗೆ ಒಂದೇ ಕಡೆ ಇಟ್ಟೆ, ಆ ನೀಲಿ ನೀರಿನ ಸಾಲು ಆದಮೇಲೆ, ಹೊಸ ಪ್ಯಾರಾದಲ್ಲಿ, ಆಯಿಯ ಮಾತನ್ನು ಹಾಗೇ. ಗೆಳೆಯ ‘ಅಡ’ ಅಂದರೆ ಹೊರಗಿನವರಿಗೆ ತಿಳಿಯುವುದಿಲ್ಲ, ‘ಅಂತೆ’ ಮಾಡು ಅನ್ನುತ್ತಿದ್ದಾನೆ. ಇನ್ನೂ ಮಾಡಿಲ್ಲ.