ಶಿರಸಿಯ ಕೆಲಸ ಬಿಟ್ಟು ಕಾರವಾರಕ್ಕೆ ಹೋಗುವ ಮೊದಲು ರಜೆಯ ಲೆಕ್ಕ

ಹೊಸ ಕಡೆ ಸಂಬಳ ಎಷ್ಟು ಹೆಚ್ಚು ಅನ್ನುವುದನ್ನು ಪಕ್ಕಕ್ಕಿಡಿ. ಮೊದಲು ರಜೆಯನ್ನು ರೂಪಾಯಿಗೆ ಇಳಿಸಿ. ತಿಂಗಳ ಸಂಬಳ 39,000 ಇದ್ದರೆ 26ರಿಂದ (ತಿಂಗಳ ಕೆಲಸದ ದಿನಗಳು) ಭಾಗಿಸಿ: ದಿನಕ್ಕೆ 1,500. ಈಗ ವರ್ಷಕ್ಕೆ 30 ರಜೆ, ಅಲ್ಲಿ 18 ಅಂದರೆ 12 ದಿನ ಹೋಯಿತು, 18,000 ರೂಪಾಯಿ. ತಿಂಗಳಿಗೆ 3,000 ಹೆಚ್ಚು ಕೊಡುತ್ತೇವೆ ಅಂದರೂ ವರ್ಷದ 36,000ದಲ್ಲಿ ಅರ್ಧ ಇಲ್ಲೇ ಕರಗಿತು.

ಜನ ಎಡವುವುದು ಗ್ರಾಚ್ಯುಟಿಯಲ್ಲಿ, ಅಂದರೆ ಕೆಲಸ ಬಿಡುವಾಗ ಸೇವೆಯ ವರ್ಷಗಳ ಲೆಕ್ಕದಲ್ಲಿ ಕಂಪನಿ ಕೊಡುವ ಹಣದಲ್ಲಿ. ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ 20,800 ಇದ್ದರೆ, 26ರಿಂದ ಭಾಗಿಸಿ 15ರಿಂದ ಗುಣಿಸಿ: ವರ್ಷಕ್ಕೆ 12,000. ಕಾಯಂ ನೌಕರರಿಗೆ ಐದು ವರ್ಷ ತುಂಬಬೇಕು. ನಾಲ್ಕು ವರ್ಷ ನಾಲ್ಕು ತಿಂಗಳಿಗೆ ರಾಜೀನಾಮೆ ಕೊಟ್ಟರೆ, ಎಂಟು ತಿಂಗಳು ತಾಳಿದ್ದರೆ ಸಿಗುತ್ತಿದ್ದ 60,000 ಕೈತಪ್ಪುತ್ತದೆ. ಹೊಸ ಕಂಪನಿಯ 'ಸಿಟಿಸಿ'ಯಲ್ಲಿ (ನಿಮಗಾಗಿ ಕಂಪನಿ ಮಾಡುವ ಒಟ್ಟು ಖರ್ಚು) ಗ್ರಾಚ್ಯುಟಿ, ಕಂಪನಿ ಪಾಲಿನ ಪಿಎಫ್ ಎರಡೂ ಸೇರಿರಬಹುದು; ಕೈಗೆ ಬರುವ ಮೊತ್ತವನ್ನೇ ಕೇಳಿ.

ಪಿಎಫ್ ತೆಗೆಯಬೇಡಿ, ಅದೇ ಯುಎಎನ್‌ನಲ್ಲಿ (ಕೆಲಸ ಬದಲಾದರೂ ಬದಲಾಗದ ಪಿಎಫ್ ಸಂಖ್ಯೆ) ಹೊಸ ಕಂಪನಿಯ ಖಾತೆಗೆ ವರ್ಗಾಯಿಸಿ. ಐದು ವರ್ಷದೊಳಗೆ ತೆಗೆದರೆ ತೆರಿಗೆ ಬೀಳಬಹುದು.

ಉಳಿದ ಗಳಿಕೆ ರಜೆಗೆ ದುಡ್ಡು ಕೊಡುತ್ತಾರೋ, ಆ ರಜೆಯನ್ನು ನೋಟಿಸ್ ಅವಧಿಗೆ ಹೊಂದಿಸಿಕೊಳ್ಳುತ್ತಾರೋ ಎಂದು ಈಗಿನ ಕಂಪನಿಯ ನೇಮಕಾತಿ ಪತ್ರದಲ್ಲಿ ನೋಡಿ. ಹೊಸ ಕಡೆ ಪ್ರೊಬೇಷನ್‌ನಲ್ಲಿ (ಕಾಯಂ ಆಗುವ ಮೊದಲಿನ ಪರೀಕ್ಷಾ ಅವಧಿ) ರಜೆ ಉಂಟಾ ಎಂದೂ ಬರವಣಿಗೆಯಲ್ಲೇ ಕೇಳಿಕೊಳ್ಳಿ. ಮನೆಯಲ್ಲಿ ಅಡಿಕೆ ತೋಟ ಇದ್ದವರಿಗೆ ಇದು ದೊಡ್ಡ ಪ್ರಶ್ನೆ: ಕೊನೆಕೊಯ್ಲು (ಅಡಿಕೆ ಗೊನೆ ಕೊಯ್ಯುವುದು) ಪ್ರೊಬೇಷನ್ ಮುಗಿಯುವವರೆಗೆ ಕಾಯುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬರುವ ಶಿರಸಿಯ ಮಾರಿಕಾಂಬಾ ಜಾತ್ರೆಯೂ ಅಷ್ಟೇ.