ಊರಿನಲ್ಲಿ ಗಮಕ ವಾಚನ ಏರ್ಪಡಿಸುವುದು ಹೇಗೆ?

ಒಬ್ಬರು ಕಾವ್ಯವನ್ನು ರಾಗದಲ್ಲಿ ಓದಿ, ಇನ್ನೊಬ್ಬರು ಅರ್ಥ ಹೇಳುವ ಗಮಕಕ್ಕೆ ಜನ ಬರುವುದಿಲ್ಲ ಎಂಬ ದೂರು ತಾಲ್ಲೂಕು ಕೇಂದ್ರಗಳ ಸಂಘಟಕರಿಂದ ಆಗಾಗ ಕೇಳಿಬರುತ್ತದೆ. ನಾನು ಕಂಡಂತೆ ಜನ ಬರುತ್ತಾರೆ, ಆದರೆ ಅರ್ಧ ಗಂಟೆಯೊಳಗೆ ಎದ್ದು ಹೋಗುತ್ತಾರೆ. ಅದಕ್ಕೆ ಕುಮಾರವ್ಯಾಸನ ನಡುಗನ್ನಡ ಕಾರಣವಲ್ಲ. ವಾಚನಕಾರರನ್ನು ಒಂದೂರಿನಿಂದ, ವ್ಯಾಖ್ಯಾನಕಾರರನ್ನು ಇನ್ನೊಂದೂರಿನಿಂದ ಕರೆಸಿ, ಅವರಿಬ್ಬರೂ ವೇದಿಕೆಯ ಮೇಲೆಯೇ ಮೊದಲ ಬಾರಿಗೆ ಮುಖಾಮುಖಿಯಾಗುವಂತೆ ಮಾಡುವ ನಮ್ಮ ಅವಸರವೇ ಕಾರಣ.

ಮೊದಲು ಸ್ಥಳ ಮತ್ತು ಸಮಯ. ಸಂಜೆ ಆರು ಗಂಟೆ, ಗ್ರಂಥಾಲಯದ ಸಭಾಂಗಣ ಅಥವಾ ದೇವಸ್ಥಾನದ ಪ್ರಾಂಗಣ, ನೂರು ಜನ ಹತ್ತಿರ ಹತ್ತಿರ ಕೂರುವಷ್ಟು ಜಾಗವಿದ್ದರೆ ಸಾಕು. ಮದುವೆ ಛತ್ರ ಬೇಡವೇ ಬೇಡ.

ಎರಡನೆಯದು ಕಾವ್ಯಭಾಗದ ಆಯ್ಕೆ. ‘ಕುಮಾರವ್ಯಾಸ ಭಾರತದಿಂದ ಏನಾದರೂ ಓದಿ’ ಎಂದು ಕಲಾವಿದರಿಗೆ ಬಿಟ್ಟುಬಿಡುವುದು ಗೌರವದಂತೆ ಕಂಡರೂ ವಾಸ್ತವದಲ್ಲಿ ಅದು ಹೊಣೆ ಜಾರಿಸಿಕೊಳ್ಳುವ ಕೆಲಸ. ಶಿವಮೊಗ್ಗದ ಬಳಿಯ ಹೊಸಹಳ್ಳಿಯಂಥ ಊರಿನಲ್ಲಿ, ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದ ಆ ಪರಂಪರೆಯ ನಡುವೆ, ಕೇಳುಗರ ಕಿವಿ ಮೊದಲೇ ಹದಗೊಂಡಿರುತ್ತದೆ. ಅಲ್ಲಿ ಯಾವ ಪರ್ವವನ್ನಾದರೂ ಎತ್ತಿಕೊಳ್ಳಬಹುದು. ಹೊಸಬರೇ ಹೆಚ್ಚಾಗಿರುವ ಊರಿನಲ್ಲಿ ಆರಂಭ, ಏರಿಕೆ, ಮುಕ್ತಾಯ ಮೂರೂ ಒಂದೇ ಸಂಜೆಯಲ್ಲಿ ಕೂಡಿಬರುವ ಪ್ರಸಂಗ ಬೇಕು. ವಿರಾಟಪರ್ವದಲ್ಲಿ ಉತ್ತರಕುಮಾರನು ಹೆಂಗಳೆಯರ ಮುಂದೆ ಪೌರುಷ ಕೊಚ್ಚಿಕೊಂಡು, ಕೌರವ ಸೇನೆಯನ್ನು ಕಂಡೊಡನೆ ರಥದಿಂದಿಳಿದು ಓಡುವ ಭಾಗವೇ ಮೊದಲ ಕಾರ್ಯಕ್ರಮಕ್ಕೆ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಮಳೆ ಕೈಕೊಟ್ಟಾಗ ವಿರಾಟಪರ್ವ ಓದಿಸುವ ವಾಡಿಕೆ ನಮ್ಮ ಹಳ್ಳಿಗಳಲ್ಲಿ ಇದ್ದುದರಿಂದ ಹಿರಿಯರಿಗೆ ಆ ಕಥೆ ಪರಿಚಿತ. ಮಕ್ಕಳಂತೂ ಉತ್ತರನನ್ನು ಕಂಡು ನಗುತ್ತಾರೆ. ಲಕ್ಷ್ಮೀಶನ ಜೈಮಿನಿ ಭಾರತ ಬೇಕೆನ್ನುವವರು ಚಂದ್ರಹಾಸನ ಕಥೆಯನ್ನು ಆರಿಸಿಕೊಳ್ಳಬಹುದು. ಆದರೆ ಅದರ ವಾರ್ಧಕ ಷಟ್ಪದಿ (ಷಟ್ಪದಿ ಎಂದರೆ ಆರು ಸಾಲಿನ ಪದ್ಯ) ಕುಮಾರವ್ಯಾಸನ ಭಾಮಿನಿ ಷಟ್ಪದಿಗಿಂತ ದೀರ್ಘವಾದದ್ದರಿಂದ ಪದ್ಯಗಳ ಸಂಖ್ಯೆಯನ್ನು ಇನ್ನೂ ಇಳಿಸಬೇಕಾಗುತ್ತದೆ.

ಎಷ್ಟು ಪದ್ಯ? ಒಂದೂವರೆ ಗಂಟೆಗೆ ಇಪ್ಪತ್ತೈದು. ವಾಚನಕ್ಕೆ ಒಂದೂವರೆ ನಿಮಿಷ, ವ್ಯಾಖ್ಯಾನಕ್ಕೆ ಎರಡು ನಿಮಿಷ ಎಂದು ಲೆಕ್ಕ ಹಾಕಿದರೆ ಇದು ಸರಿಹೊಂದುತ್ತದೆ. ನಲವತ್ತು ಪದ್ಯ ಹಿಡಿದು ಕುಳಿತವರು ಕೊನೆಯ ಹದಿನೈದನ್ನು ಓಡಿಸುತ್ತಾರೆ, ಕಥೆಯ ಮುಖ್ಯ ಘಟ್ಟ ಇರುವುದು ಸಾಮಾನ್ಯವಾಗಿ ಆ ಹದಿನೈದರಲ್ಲೇ.

ಮೂರನೆಯ ಹಂತವನ್ನು ಬಹುತೇಕ ಸಂಘಟಕರು ಮಾಡುವುದೇ ಇಲ್ಲ. ಕಾರ್ಯಕ್ರಮಕ್ಕೆ ಒಂದು ವಾರ ಮುಂಚೆ ವಾಚನಕಾರರೂ ವ್ಯಾಖ್ಯಾನಕಾರರೂ ಒಟ್ಟಿಗೆ ಕುಳಿತು, ಆರಿಸಿದ ಪದ್ಯಗಳನ್ನು ಒಂದೊಂದಾಗಿ ಓದಿ, ಎಲ್ಲೆಲ್ಲಿ ನಿಲ್ಲಿಸಬೇಕೆಂಬುದನ್ನು ಗುರುತು ಹಾಕಿಕೊಳ್ಳಬೇಕು. ಭಾಮಿನಿ ಷಟ್ಪದಿಯ ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಿಗೆ 14 ಮಾತ್ರೆ (ಉಚ್ಚಾರಣೆಯ ಕಾಲದ ಅಳತೆ), ಮೂರು ಮತ್ತು ಆರನೆಯ ಸಾಲುಗಳಿಗೆ 23 ಮಾತ್ರೆ. ಮಾತ್ರೆಯ ಲೆಕ್ಕ ಮುಗಿದಲ್ಲಿ ಸಾಲು ಮುಗಿಯುತ್ತದೆಯೇ ಹೊರತು ಪದ ಮುಗಿದಿರಬೇಕೆಂದಿಲ್ಲ. ‘ವೇದ ಪುರುಷನ ಸುತನ ಸುತನ ಸ’ ಎಂದು ಮೊದಲ ಸಾಲು ನಿಂತು, ಎರಡನೆಯದು ‘ಹೋದರನ ಮೊಮ್ಮಗನ ಮಗನ ತ’ ಎಂದು ಸಾಗಿ, ಮೂರನೆಯದು ‘ಳೋದರಿಯ’ ಎಂದು ಎತ್ತಿಕೊಳ್ಳುವ ಕುಮಾರವ್ಯಾಸನ ಪದ್ಯವನ್ನೇ ನೋಡಿ. ಸಾಲಿನ ಕೊನೆಯಲ್ಲಿ ಉಸಿರು ತೆಗೆದುಕೊಂಡರೆ ‘ಸಹೋದರ’ನೂ ತುಂಡಾಗುತ್ತಾನೆ, ‘ತಳೋದರಿ’ಯೂ (ತೆಳುನಡುವಿನ ಹೆಣ್ಣು) ತುಂಡಾಗುತ್ತಾಳೆ, ಪುಸ್ತಕವಿಲ್ಲದ ಕೇಳುಗನಿಗೆ ಬರಿಯ ರಾಗ ಉಳಿಯುತ್ತದೆ. ವಾಚನಕಾರರು ಪದ್ಯವನ್ನು ಒಮ್ಮೆ ಪದಚ್ಛೇದದೊಡನೆ ನಿಧಾನವಾಗಿ ಓದಿ, ಬಳಿಕ ರಾಗವನ್ನು ವಿಸ್ತರಿಸಬೇಕು. ಮೋಹನವೋ ಕೇದಾರಗೌಳವೋ ಎಂಬುದು ಅವರಿಗೇ ಬಿಟ್ಟದ್ದು, ಆದರೆ ಆಲಾಪನೆ ಪದ್ಯಕ್ಕಿಂತ ಉದ್ದವಾಗಕೂಡದು. ಸಾಹಿತ್ಯವನ್ನು ಕೇಳಿಸುವುದಕ್ಕಾಗಿ ಗಮಕದಲ್ಲಿ ರಾಗವಿದೆ. ಕಛೇರಿ ಬೇಕಾದವರು ಕಛೇರಿಯನ್ನೇ ಇಟ್ಟುಕೊಳ್ಳಲಿ.

ಎಲ್ಲ ಪದ್ಯಕ್ಕೂ ಒಂದೇ ಅಳತೆಯ ವ್ಯಾಖ್ಯಾನ ಸಲ್ಲದೆಂಬುದೂ ಈ ಬೈಠಕ್ಕಿನಲ್ಲೇ ತೀರ್ಮಾನವಾಗಬೇಕು. ಮೇಲೆ ಹೇಳಿದ ಪದ್ಯ ಒಂದು ಒಗಟು. ಅದರ ಮೂರನೆಯ ಸಾಲಿನಿಂದ ಮುಂದಕ್ಕೆ ಕಂಸನ ಮಾವ ಜರಾಸಂಧ, ಅವನನ್ನು ಕಾದಿ ಗೆದ್ದ ಭೀಮ, ಭೀಮನ ಅಣ್ಣ ಧರ್ಮರಾಯ, ಅವನ ತಾಯಿ ಕುಂತಿ, ಆಕೆಯ ನಾದಿನಿ ದೇವಕಿ, ಕೊನೆಗೆ ಕೃಷ್ಣ ಎಂದು ಗಂಟನ್ನು ಒಂದೊಂದಾಗಿ ಬಿಡಿಸದೆ ಮುಂದೆ ಹೋಗುವಂತಿಲ್ಲ. ಅದಕ್ಕೆ ಐದು ನಿಮಿಷವಾದರೂ ಬೇಕು. ಉತ್ತರನು ಓಡುವ ಪದ್ಯಗಳಿಗೆ ಎರಡು ವಾಕ್ಯ ಸಾಕು, ಮೂರು ಪದ್ಯಗಳನ್ನು ಒಟ್ಟಿಗೆ ಓದಿಸಿ ಆಮೇಲೆ ಅರ್ಥ ಹೇಳಿದರೂ ನಡೆಯುತ್ತದೆ. ವ್ಯಾಖ್ಯಾನಕಾರರು ಮಾತಿನ ಓಟದಲ್ಲಿ ಮುಂದಿನ ಪದ್ಯದ ಕಥೆಯನ್ನೂ ಹೇಳಿಬಿಟ್ಟರೆ ವಾಚನಕಾರರ ಪದ್ಯ ಸಪ್ಪೆಯಾಗುತ್ತದೆ. ಆದ್ದರಿಂದ ಪ್ರತಿ ಪದ್ಯದ ಪಕ್ಕದಲ್ಲಿ ‘ಇಲ್ಲಿಗೆ ನಿಲುಗಡೆ’ ಎಂದು ಪೆನ್ಸಿಲಿನಲ್ಲಿ ಬರೆದುಕೊಳ್ಳುವುದು ಒಳ್ಳೆಯದು. ಕಲಾವಿದರು ದೂರದವರಾಗಿದ್ದು ಭೇಟಿ ಸಾಧ್ಯವಾಗದಿದ್ದರೆ ದೂರವಾಣಿಯಲ್ಲಾದರೂ ಒಂದು ಗಂಟೆ ಕೂರಿಸಬೇಕು.

ಪದ್ಯಗಳ ಪಾಠವನ್ನು ಮುದ್ರಿತ ಪುಸ್ತಕದಿಂದಲೇ ತೆಗೆದುಕೊಳ್ಳಬೇಕು. ಕುವೆಂಪು ಮತ್ತು ಮಾಸ್ತಿಯವರು ಸಂಪಾದಿಸಿದ, ಕುಮಾರವ್ಯಾಸನ ‘ಕರ್ಣಾಟ ಭಾರತ ಕಥಾಮಂಜರಿ’ ಹಳೆಯ ಗ್ರಂಥಾಲಯಗಳಲ್ಲಿ ಸಿಗುತ್ತದೆ. ವಾಟ್ಸ್‌ಆ್ಯಪಿನಲ್ಲಿ ಹರಿದಾಡುವ ಪ್ರತಿಗಳಲ್ಲಿ ಒತ್ತಕ್ಷರ ಬಿದ್ದುಹೋಗಿ ಮಾತ್ರೆ ಕೆಟ್ಟಿರುತ್ತದೆ, ವಾಚನಕಾರರು ಸಭೆಯ ನಡುವೆ ತಡವರಿಸಬೇಕಾಗುತ್ತದೆ. ಆರಿಸಿದ ಪದ್ಯಗಳಲ್ಲಿ ಆರೇಳನ್ನು ದಪ್ಪ ಅಕ್ಷರದಲ್ಲಿ ಮುದ್ರಿಸಿ ಕೇಳುಗರಿಗೆ ಹಂಚಿ; ಎಲ್ಲವನ್ನೂ ಕೊಟ್ಟರೆ ಜನ ಕೇಳುವುದನ್ನು ಬಿಟ್ಟು ಓದತೊಡಗುತ್ತಾರೆ.

ಧ್ವನಿವರ್ಧಕದವರಿಗೆ ಒಂದೇ ಸೂಚನೆ: ಪ್ರತಿಧ್ವನಿಯ ಗುಂಡಿಯನ್ನು ಪೂರ್ತಿ ಇಳಿಸಿಡಲಿ. ಭಕ್ತಿಗೀತೆಗೆ ಅದು ಚೆನ್ನಾಗಿರಬಹುದು, ಷಟ್ಪದಿಯ ಪದಗಳನ್ನು ಮಾತ್ರ ಅದು ನುಂಗಿಬಿಡುತ್ತದೆ. ಇಬ್ಬರಿಗೂ ಪ್ರತ್ಯೇಕ ಮೈಕ್ ಇರಲಿ. ಮೊಬೈಲ್ ಆ್ಯಪ್‌ನ ಶ್ರುತಿಯನ್ನು ಮೈಕಿನ ಮುಂದೆ ಇಡುವ ಸುಲಭೋಪಾಯ ಬೇಡ. ನಡುವೆ ಕರೆ ಬಂದು ಶ್ರುತಿ ನಿಂತದ್ದನ್ನು ಕಂಡಿದ್ದೇನೆ. ಶ್ರುತಿಪೆಟ್ಟಿಗೆಯನ್ನೇ ತರಿಸಿ.

ಇನ್ನು ಸಭಾ ಕಾರ್ಯಕ್ರಮ. ಸ್ವಾಗತ, ದೀಪ ಬೆಳಗುವುದು, ಅಧ್ಯಕ್ಷರ ನುಡಿ ಎಲ್ಲ ಸೇರಿ ಹದಿನೈದು ನಿಮಿಷ ಮೀರಕೂಡದು, ಸನ್ಮಾನವಿದ್ದರೆ ವಾಚನ ಮುಗಿದ ಮೇಲೆ. ಏಳೂವರೆಗೆ ವೇದಿಕೆಗೆ ಬಂದ ಗಮಕಿಗಳಿಗೆ ‘ಎಂಟೂವರೆಗೆ ಮುಗಿಸಿಬಿಡಿ’ ಎಂದು ಚೀಟಿ ಕಳುಹಿಸುವುದು ಅವರಿಗೆ ಮಾಡುವ ಅವಮಾನ.

ಸಂಭಾವನೆಯನ್ನು ಮುಂಚೆಯೇ ತಿಳಿಸಿ, ವಾಚನಕ್ಕೂ ವ್ಯಾಖ್ಯಾನಕ್ಕೂ ಸಮನಾಗಿ, ಪ್ರಯಾಣವೆಚ್ಚವನ್ನು ಬೇರೆಯಾಗಿ ಕೊಡಬೇಕು. ರಾತ್ರಿ ಕೊನೆಯ ಬಸ್ಸಿನ ವೇಳೆಯನ್ನು ವಿಚಾರಿಸಿಟ್ಟುಕೊಂಡು, ಅದು ತಪ್ಪುವಂತಿದ್ದರೆ ಊಟದ ಜೊತೆಗೆ ತಂಗುವ ವ್ಯವಸ್ಥೆಯನ್ನೂ ಮಾಡಬೇಕು.