ಏಪ್ರಿಲ್ ಚಾಟ್ನಿ ನನಗೆ ಕಲಿಸಿದ ಯೋಹಾನ 15

ದ್ರಾಕ್ಷಿ ತೋಟ ಮಾಡುವವರಿಗೆ ಯೋಹಾನನ ಸುವಾರ್ತೆಯ 15ನೇ ಅಧ್ಯಾಯ ಸ್ವಲ್ಪ ಬೇರೆ ಥರ ಕೇಳಿಸುತ್ತದೆ. ನಾನು ವಿಜಯಪುರ ಜಿಲ್ಲೆಯವಳು. ತಿಕೋಟಾ ಕಡೆ ನಮ್ಮದೊಂದು ತೋಟ ಇದೆ. ಥಾಮ್ಸನ್ ಸೀಡ್‌ಲೆಸ್ ಬಳ್ಳಿ, ಹೆಚ್ಚಿನ ಬೆಳೆ ಒಣದ್ರಾಕ್ಷಿಗೇ ಹೋಗುತ್ತದೆ. ನಾನು ಬಳ್ಳಿ, ನೀವು ಕೊಂಬೆಗಳು, ನನ್ನಲ್ಲಿ ನೆಲೆಗೊಂಡವನು ಬಹಳ ಫಲ ಕೊಡುತ್ತಾನೆ ಎಂದು ಯೇಸು ಹೇಳಿದ ಮಾತನ್ನು ಸಂಡೇ ಸ್ಕೂಲಿನಲ್ಲೇ ಬಾಯಿಪಾಠ ಮಾಡಿದ್ದೆ. ಅದರ ಆಳ ತಿಳಿಯತೊಡಗಿದ್ದು ಮದುವೆಯಾಗಿ ಈ ತೋಟಕ್ಕೆ ಬಂದು, ಕೈಯಲ್ಲಿ ಕತ್ತರಿ ಹಿಡಿದ ಮೇಲೆ.

ನಮ್ಮ ಕ್ರೈಸ್ತ ಸಭೆಯ ಹುಡುಗಿಯರು ಆಗಾಗ ಕೇಳುತ್ತಾರೆ: ಅಕ್ಕಾ, ದೇವರಿಗೆ ಹತ್ತಿರ ಇರೋದು ಅಂದರೆ ದಿನಾ ಏನು ಮಾಡೋದು? ನನಗೆ ದೇವಶಾಸ್ತ್ರ ಓದಿ ಗೊತ್ತಿಲ್ಲ. ನಾನು ಮಾಡುತ್ತಾ ಬಂದಿರುವುದನ್ನು ಹೇಳಬಲ್ಲೆ.

ಮೊದಲು ತೋಟದ ವಿಷಯ ಒಂದಿಷ್ಟು ಹೇಳಬೇಕು. ನಮ್ಮ ಕಡೆ ವರ್ಷಕ್ಕೆ ಎರಡು ಸಲ ಬಳ್ಳಿ ಕತ್ತರಿಸುತ್ತೇವೆ. ಅದಕ್ಕೆ ಚಾಟ್ನಿ ಅನ್ನುತ್ತೇವೆ. ಅಕ್ಟೋಬರ್ ಚಾಟ್ನಿ ಆದ ಮೇಲೆ ಚಿಗುರಿನ ಜೊತೆ ಗೊನೆ ಬರುತ್ತದೆ, ಹೂವಾಗುತ್ತದೆ, ಫೆಬ್ರವರಿ, ಮಾರ್ಚ್ ಹೊತ್ತಿಗೆ ಹಣ್ಣು. ನೋಡಲು ಬರುವವರೆಲ್ಲ ಆಗಲೇ ಬರುತ್ತಾರೆ. ಏಪ್ರಿಲ್ ಚಾಟ್ನಿಯ ಕಥೆ ಬೇರೆ. ಸುಡುವ ಬಿಸಿಲಿನಲ್ಲಿ ಬಳ್ಳಿಯನ್ನು ಬೋಳು ಮಾಡಿಬಿಡುತ್ತೇವೆ. ಆಮೇಲೆ ಬರುವುದು ಬರೀ ಎಲೆ ಮತ್ತು ಕಡ್ಡಿ. ಹಣ್ಣಿನ ಸುಳಿವೂ ಇರುವುದಿಲ್ಲ.

ಆದರೆ ಮುಂದಿನ ಹಣ್ಣು ನಿರ್ಧಾರವಾಗುವುದು ಆಗಲೇ. ಏಪ್ರಿಲ್ ಚಾಟ್ನಿ ಆಗಿ ಸುಮಾರು 40ರಿಂದ 60 ದಿನಗಳ ಹೊತ್ತಿಗೆ, ಹೊಸ ಕಡ್ಡಿಯ ಕಣ್ಣಿನೊಳಗೆ, ಅಂದರೆ ಚಿಗುರೊಡೆಯುವ ಮೊಗ್ಗಿನೊಳಗೆ, ಗೊನೆಯ ಮೂಲ ರೂಪುಗೊಳ್ಳುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಆ ದಿನಗಳಲ್ಲಿ ಕಡ್ಡಿಗೆ ಚೆನ್ನಾಗಿ ಬಿಸಿಲು ಬೀಳಬೇಕು. ಎಲೆ ಒತ್ತಾಗಿ ಬೆಳೆದು ನೆರಳಾದರೆ ಕಣ್ಣು ಗೊಡ್ಡಾಗುತ್ತದೆ. ಆಮೇಲೆ ಅಕ್ಟೋಬರ್‌ನಲ್ಲಿ ಎಷ್ಟು ಗೊಬ್ಬರ ಸುರಿದರೂ ಆ ಕಣ್ಣಿನಿಂದ ಗೊನೆ ಬರುವುದಿಲ್ಲ. ಅದಕ್ಕೇ ಅಕ್ಟೋಬರ್ ಚಾಟ್ನಿಗೆ ಮುಂಚೆ ಕೆಲವು ಕಡ್ಡಿಗಳನ್ನು ಲ್ಯಾಬಿಗೆ ಕಳಿಸಿ, ಮೈಕ್ರೋಸ್ಕೋಪಿನಲ್ಲಿ ಕಣ್ಣು ಪರೀಕ್ಷೆ ಮಾಡಿಸುತ್ತೇವೆ. ಯಾವ ಕಣ್ಣಿನಲ್ಲಿ ಗೊನೆ ಇದೆ ಅಂತ ತಿಳಿದು, ಅಲ್ಲಿಗೆ ಕತ್ತರಿ ಹಾಕುತ್ತೇವೆ.

ನನ್ನ ವಿಶ್ವಾಸದ ಬದುಕಿನಲ್ಲೂ ಇದನ್ನೇ ಕಂಡಿದ್ದೇನೆ. ಯಾರೂ ನೋಡದ ಹೊತ್ತಿನಲ್ಲಿ ನಾನು ಕ್ರಿಸ್ತನ ಮುಂದೆ ಎಷ್ಟು ತೆರೆದುಕೊಂಡು ಕೂತಿದ್ದೆನೋ, ಮುಂದೆ ಕಾಣಿಸಿದ ಫಲ ಅಷ್ಟೇ. ಹಾಗಾಗಿ ಆ ಹೊತ್ತನ್ನು ನಾನು ಬಹಳ ಜೋಪಾನ ಮಾಡುತ್ತೇನೆ.

ನನ್ನ ಹೊತ್ತು ಬೆಳಗಿನ ಜಾವ. ಮಾರ್ಕ 1:35ರಲ್ಲಿ ಯೇಸು ಇನ್ನೂ ಕತ್ತಲಿರುವಾಗಲೇ ಎದ್ದು, ಯಾರೂ ಇಲ್ಲದ ಜಾಗಕ್ಕೆ ಹೋಗಿ ಪ್ರಾರ್ಥನೆ ಮಾಡಿದನೆಂದು ಇದೆ. ಅದರ ಹಿಂದಿನ ಸಂಜೆ ಊರಿಗೆ ಊರೇ ಬಾಗಿಲಿಗೆ ಬಂದು ನಿಂತಿತ್ತು, ಕಾಯಿಲೆಯವರನ್ನು ಕರೆದುಕೊಂಡು. ಅಷ್ಟು ದಣಿದ ಮರುದಿನವೇ ಆತ ಎದ್ದು ಹೋದನಲ್ಲಾ ಎಂಬುದು ನನ್ನನ್ನು ಇವತ್ತಿಗೂ ಎಬ್ಬಿಸುತ್ತದೆ. ಕೆಲಸದವರು ಬರುವ ಮೊದಲು, ಮನೆಯವರು ಏಳುವ ಮೊದಲು, ಅಡುಗೆಮನೆಯ ಕಟ್ಟೆಯ ಪಕ್ಕ ಕೂರುತ್ತೇನೆ. ಫೋನ್ ಬೇರೆ ಕೋಣೆಯಲ್ಲಿರುತ್ತದೆ. ಇದರಲ್ಲಿ ನಾನು ಕಟ್ಟುನಿಟ್ಟು. ಬೆಳಗ್ಗೆ ಫೋನ್ ಮುಟ್ಟಿದರೆ ವಾಟ್ಸಾಪಿನಲ್ಲಿ ಹತ್ತು ಜನ ಕಳಿಸಿದ ವಚನಗಳು ಕಣ್ಣ ಮುಂದೆ ಓಡುತ್ತವೆ, ಒಂದೂ ಒಳಗೆ ಇಳಿಯುವುದಿಲ್ಲ.

ಓದುವುದು ಸ್ವಲ್ಪವೇ. ನಾವು ಓದುವ ಬೈಬಲಿನಲ್ಲಿ 66 ಪುಸ್ತಕ, 1189 ಅಧ್ಯಾಯ. ದಿನಕ್ಕೆ ಮೂರು, ನಾಲ್ಕು ಅಧ್ಯಾಯ ಓದಿದರೆ ವರ್ಷದಲ್ಲಿ ಮುಗಿಯುತ್ತದೆ. ನಾನೂ ಹಾಗೆ ಓದಿದ್ದೇನೆ, ಒಳ್ಳೆಯದೇ ಆಯಿತು. ಆದಿಕಾಂಡದಿಂದ ಪ್ರಕಟನೆಯವರೆಗೆ ಇಡೀ ದಾರಿ ಕಣ್ಣಿಗೆ ಕಟ್ಟಿತು. ಎಲ್ಲರೂ ಒಮ್ಮೆಯಾದರೂ ಹಾಗೆ ಓದಬೇಕು. ಆದರೆ ದಿನದಿನದ ಸಹವಾಸಕ್ಕೆ ನನಗೆ ನಿಧಾನವೇ ಸರಿ. ಒಂದು ಪುಸ್ತಕ ಹಿಡಿದು, ಒಂದೊಂದೇ ಘಟನೆ, ಹತ್ತು ಹದಿನೈದು ವಚನ. ಗಟ್ಟಿಯಾಗಿ ಓದುತ್ತೇನೆ. ಮತ್ತೊಮ್ಮೆ ಓದುತ್ತೇನೆ. ಇಲ್ಲಿ ಯೇಸು ಏನು ಮಾಡುತ್ತಿದ್ದಾನೆ ಅಂತ ಮೊದಲು ಕೇಳಿಕೊಳ್ಳುತ್ತೇನೆ. ನನಗೇನು ಸಿಗುತ್ತದೆ ಅನ್ನುವ ಪ್ರಶ್ನೆ ಆಮೇಲೆ. ಮನಸ್ಸಿಗೆ ತಾಗಿದ ಒಂದು ಸಾಲನ್ನು ನೋಟ್‌ಬುಕ್ಕಿನಲ್ಲಿ ಬರೆದು, ಆ ಸಾಲನ್ನು ಬಾಯಲ್ಲಿ ಇಟ್ಟುಕೊಂಡೇ ತೋಟಕ್ಕೆ ಹೋಗುತ್ತೇನೆ.

ಒಂದು ದಿನ ಮಾರ್ಕ 5ನೇ ಅಧ್ಯಾಯ ಓದಿದ್ದೆ. ಯಾಯೀರನ ಮಗಳು ಸಾಯುವ ಹಾಗಿದ್ದಾಳೆ, ಯೇಸು ಅವಸರದಲ್ಲಿ ಹೋಗಬೇಕು. ದಾರಿಯಲ್ಲಿ 12 ವರ್ಷದಿಂದ ರಕ್ತಸ್ರಾವದಿಂದ ನರಳುತ್ತಿದ್ದ ಹೆಂಗಸು ಆತನ ಬಟ್ಟೆ ಮುಟ್ಟುತ್ತಾಳೆ. ಆತ ನಿಂತುಬಿಡುತ್ತಾನೆ. ಅವಳು ನಡೆದದ್ದನ್ನೆಲ್ಲ ಹೇಳಿ ಮುಗಿಸುವವರೆಗೆ ಕೇಳುತ್ತಾನೆ. ಅವತ್ತು ನಮ್ಮಲ್ಲಿ ಔಷಧಿ ಹೊಡೆಯುವ ಅವಸರ, ಮೋಡ ಕವಿಯುತ್ತಿತ್ತು. ಕೆಲಸಕ್ಕೆ ಬರುವ ಒಬ್ಬ ಹೆಂಗಸು ಪಕ್ಕದಲ್ಲಿ ಬಂದು ಸುಮ್ನೆ ನಿಂತಳು. ಏನೋ ಹೇಳಬೇಕಿತ್ತು ಅನಿಸಿತು. ಬೆಳಗಿನ ಸಾಲು ಬಾಯಲ್ಲಿ ಇರದಿದ್ದರೆ ಸಂಜೆ ಬಾ ಅಂತ ಕಳಿಸುತ್ತಿದ್ದೆನೇನೋ. ಕೂತು ಕೇಳಿದೆ. ಮಗಳ ಗಂಡನ ಮನೆಯ ಕಷ್ಟ. ನಾನು ಮಾಡಿದ್ದು ಅಷ್ಟೇ, ಕೇಳಿದ್ದು. ಆದರೆ ಆ ದಿನ ಯೇಸು ನನ್ನ ಪಕ್ಕದಲ್ಲೇ ನಡೆದ ಅನ್ನುವುದು ನನಗೆ ನಿಜ.

ಪ್ರಾರ್ಥನೆಯನ್ನು ನಮ್ಮ ಮನೆ ಮಾತಿನಲ್ಲೇ ಮಾಡುತ್ತೇನೆ. ಆರಾಧನೆಯ ಗಂಭೀರ ಭಾಷೆ ನನಗೆ ಇಷ್ಟ, ಅದು ಆರಾಧನೆಗೆ ಚೆಂದ. ಒಬ್ಬಳೇ ಇದ್ದಾಗ "ಅಪ್ಪಾ, ಇವತ್ತ ಭಾಳ ಸಿಟ್ಟ ಬಂದೈತಿ, ನೀನ ಹಿಡಿ" ಅಂತಲೇ ಹೇಳುತ್ತೇನೆ. ಬೇರೆಯವರಿಗಾಗಿ ಪ್ರಾರ್ಥಿಸಲು ಬಳ್ಳಿಯ ಸಾಲುಗಳನ್ನೇ ಹಂಚಿಕೊಂಡಿದ್ದೇನೆ. ಮೊದಲ ಸಾಲು ಮಕ್ಕಳದ್ದು, ಎರಡನೆಯದು ಅತ್ತೆ ಮಾವನದ್ದು, ಆಮೇಲೆ ಸಭೆಯ ಕಾಯಿಲೆಯವರು, ನಮ್ಮ ಪಾಸ್ಟರ್ ಅಯ್ಯನವರು, ಕೆಲಸಕ್ಕೆ ಬರುವವರ ಮನೆಗಳು, ಊರಿನ ಶಾಲೆ. ಗೊನೆ ನೋಡುತ್ತಾ, ಹನಿ ನೀರಾವರಿಯ ಪೈಪ್ ನೋಡುತ್ತಾ ನಡೆಯುವಾಗ ಆ ಸಾಲಿನವರ ಹೆಸರು ಹೇಳುತ್ತೇನೆ. ಮರೆತುಹೋಗುವುದು ಎಷ್ಟೋ ಕಡಿಮೆಯಾಗಿದೆ.

ಇನ್ನು ಎಲೆಯ ವಿಷಯ. ಇದನ್ನು ಹೇಳಿದರೆ ಕೆಲವರಿಗೆ ಬೇಜಾರಾಗಬಹುದು. ಸಭೆಯ ಕೆಲಸವೇ ಜಾಸ್ತಿಯಾಗಿ ಕ್ರಿಸ್ತನ ಮುಂದೆ ಕೂರುವ ಹೊತ್ತು ನೆರಳಿಗೆ ಬೀಳುವುದನ್ನು ನಾನು ತುಂಬಾ ನೋಡಿದ್ದೇನೆ. ಮಹಿಳಾ ಸಂಘ, ಗಾಯನ ತಂಡ, ಕಮಿಟಿ, ಸುಗ್ಗಿ ಹಬ್ಬದ ಹರಾಜಿನ ಲೆಕ್ಕ. ಇವೆಲ್ಲ ಬೇಕು. ಎಲೆ ಇಲ್ಲದೆ ಬಳ್ಳಿ ಬದುಕುವುದಿಲ್ಲ. ಒತ್ತಾದಾಗ ಮಾತ್ರ ಒಂದಿಷ್ಟು ತೆಗೆಯಲೇಬೇಕು. ನಾನು ಗಾಯನ ತಂಡ ಇಟ್ಟುಕೊಂಡೆ, ಕಮಿಟಿ ಬಿಟ್ಟೆ. ಬೇರೆಯವರು ಬಂದರು, ನನಗಿಂತ ಚೆನ್ನಾಗಿ ಮಾಡುತ್ತಿದ್ದಾರೆ.

ಫಲ ಅಂದರೆ ಏನು ಅಂತ ಯಾರಾದರೂ ಕೇಳಿದರೆ ಗಲಾತ್ಯ 5:22 ತೆಗೆದುಕೊಡುತ್ತೇನೆ. ಪ್ರೀತಿ, ಸಂತೋಷ, ಸಮಾಧಾನ, ದೀರ್ಘಶಾಂತಿ, ದಯೆ, ಉಪಕಾರ, ನಂಬಿಕೆ, ಸಾಧುತ್ವ, ಶಮೆದಮೆ ಅಂದರೆ ಮನಸ್ಸಿನ ಹಿಡಿತ. ಇವು ನಮ್ಮಲ್ಲಿ ಇವೆಯೋ ಇಲ್ಲವೋ ಅಂತ ಹೇಳಬೇಕಾದವರು ನಮ್ಮ ಜೊತೆ ಬದುಕುವವರು, ಅಲ್ವಾ? ನಮ್ಮ ತೋಟದಲ್ಲಿ ಅದು ಮೊದಲು ಗೊತ್ತಾಗುವುದು ಕೂಲಿಯ ವಿಷಯದಲ್ಲಿ. ದಿನಗೂಲಿಯವನ ಹಣವನ್ನು ಸೂರ್ಯ ಮುಳುಗುವ ಮೊದಲೇ ಕೊಡಬೇಕು, ಅವನು ಬಡವ, ಅದರ ಮೇಲೇ ಮನಸ್ಸಿಟ್ಟಿರುತ್ತಾನೆ ಅಂತ ಧರ್ಮೋಪದೇಶಕಾಂಡ 24:15 ಹೇಳುತ್ತದೆ. ಹಿಡಿದಿಟ್ಟ ಕೂಲಿ ದೇವರ ಕಡೆಗೆ ಕೂಗುತ್ತದೆ ಅಂತ ಯಾಕೋಬ 5:4. ಒಂದು ಬೆಳಗ್ಗೆ ಇವೆರಡನ್ನೂ ಒಟ್ಟಿಗೆ ಓದಿದ ಮೇಲೆ ನನ್ನ ಗಂಡನೂ ನಾನೂ ಮಾತಾಡಿಕೊಂಡೆವು. ಸಂತೆಯ ದಿನ ಒಟ್ಟಿಗೆ ಕೊಡುವ ರೂಢಿ ಬಿಟ್ಟು ಆಯಾ ಸಂಜೆಯೇ ಕೊಡಲು ಶುರು ಮಾಡಿದೆವು. ಕೈಯಲ್ಲಿ ಹಣ ಹೊಂದಿಸುವುದು ಸುಲಭವಿಲ್ಲ, ಹಣ್ಣು ಮಾರುವವರೆಗೆ ನಮಗೂ ಬರೀ ಖರ್ಚೇ. ಆದರೂ ಗೊಬ್ಬರದ ಅಂಗಡಿಯ ಬಾಕಿಗಿಂತ ಮುಂಚೆ ಕೂಲಿ.

ಯಾಜಕಕಾಂಡ 19:10 ಕೂಡ ನಮ್ಮಂಥವರಿಗೇ ಬರೆದಿದ್ದು. ದ್ರಾಕ್ಷಿ ತೋಟವನ್ನು ಪೂರ್ತಿ ಬರಿದು ಮಾಡಬೇಡಿ, ಉದುರಿದ ಹಣ್ಣನ್ನು ಆಯಬೇಡಿ, ಬಡವರಿಗೂ ಪರದೇಶದವರಿಗೂ ಬಿಡಿ. ಹಣ್ಣು ಕೊಯ್ಯುವಾಗ ಅಂಚಿನ ಬಳ್ಳಿಗಳನ್ನು ಬಿಡುತ್ತೇವೆ. ದೂರದ ಊರುಗಳಿಂದ ಕೊಯ್ಲಿಗೆ ಬರುವ ಕುಟುಂಬಗಳ ಮಕ್ಕಳು ಕೇಳದೆ ಕಿತ್ತು ತಿನ್ನುತ್ತಾರೆ. ಕೇಳಬೇಕಾಗಿಯೂ ಇಲ್ಲ.

ಒಂದು ವರ್ಷ ಹೂವಿನ ಹೊತ್ತಿನಲ್ಲಿ ಮಳೆ ಹಿಡಿಯಿತು. ಡೌನಿ ಅನ್ನುವ ಬೂಷ್ಟು ರೋಗ ಬಂತು. ಗೊನೆಗಳು ಕೊಳೆತು ಉದುರಿದವು. ಎಷ್ಟು ಔಷಧಿ ಹೊಡೆದರೂ ನಿಲ್ಲಲಿಲ್ಲ. ಬೆಳೆ ಹೋಯಿತು, ಸಾಲ ಉಳಿಯಿತು. ಬೆಳಗ್ಗೆ ಎದ್ದು ಕೂರುತ್ತಿದ್ದೆ, ಮಾತು ಬರುತ್ತಿರಲಿಲ್ಲ. ಓದಿದ್ದು ತಲೆಗೆ ಹತ್ತುತ್ತಿರಲಿಲ್ಲ. ಆ ದಿನಗಳಲ್ಲಿ ನನ್ನನ್ನು ಹಿಡಿದಿದ್ದು 88ನೇ ಕೀರ್ತನೆ. ಬೇರೆ ದುಃಖದ ಕೀರ್ತನೆಗಳಲ್ಲಿ ಹೆಚ್ಚಿನವು ಕೊನೆಗೆ ಸ್ತೋತ್ರಕ್ಕೆ ತಿರುಗುತ್ತವೆ. ಇದು ಕತ್ತಲೆಯಲ್ಲೇ ಮುಗಿಯುತ್ತದೆ. ಅಂಥ ಪ್ರಾರ್ಥನೆಯನ್ನೂ ದೇವರು ತನ್ನ ಗ್ರಂಥದಲ್ಲಿ ಇಟ್ಟಿದ್ದಾನೆ. ಅದನ್ನೇ ದಿನಾ ಓದಿದೆ. ಹಬಕ್ಕೂಕ 3:17ಕ್ಕೆ ಬರಲು ನನಗೆ ಸಮಯ ಹಿಡಿಯಿತು. ಬಳ್ಳಿಯಲ್ಲಿ ಹಣ್ಣಿಲ್ಲದಿದ್ದರೂ ಹೊಲ ಆಹಾರ ಕೊಡದಿದ್ದರೂ ನಾನು ದೇವರಲ್ಲಿ ಸಂತೋಷಪಡುತ್ತೇನೆ ಎಂದು ಪ್ರವಾದಿ ಹಾಡುತ್ತಾನೆ. ಹಣ್ಣಿಲ್ಲದ ಬಳ್ಳಿಯ ಕೆಳಗೆ ನಿಂತು ಅದನ್ನು ಗಟ್ಟಿಯಾಗಿ ಓದುವುದು ಸಣ್ಣ ಮಾತಲ್ಲ. ನಾನು ಓದಿದೆ. ಸಂತೋಷ ತಕ್ಷಣ ಬರಲಿಲ್ಲ. ಆದರೆ ಆತನನ್ನು ಬಿಟ್ಟು ಬೇರೆಲ್ಲೂ ಹೋಗುವುದಿಲ್ಲ ಅನ್ನುವುದು ಅವತ್ತು ಗಟ್ಟಿಯಾಯಿತು.

ಆಗ ಕೆಲವರು ಬಂದು, ನಿಮ್ಮಲ್ಲಿ ಏನೋ ಪಾಪ ಇರಬೇಕು, ದೇವರು ಕತ್ತರಿಸುತ್ತಿದ್ದಾನೆ ಅಂದರು. ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಸಿಲೋವದ ಬುರುಜು ಬಿದ್ದು ಸತ್ತ 18 ಜನ ಉಳಿದವರಿಗಿಂತ ಹೆಚ್ಚು ಪಾಪಿಗಳಾಗಿದ್ದರೋ ಎಂದು ಯೇಸುವೇ ಕೇಳಿದ್ದಾನೆ, ಲೂಕ 13ರಲ್ಲಿ. ಇಲ್ಲ ಎಂದು ಆತನೇ ಹೇಳಿದ್ದಾನೆ. ಯೋಹಾನ 15ರಲ್ಲಿ ತಂದೆ ಕತ್ತರಿಸಿ ಶುದ್ಧ ಮಾಡುವುದು ಫಲ ಕೊಡುತ್ತಿರುವ ಕೊಂಬೆಯನ್ನು, ಇನ್ನೂ ಹೆಚ್ಚು ಕೊಡಲಿ ಅಂತ. ಮರುವಚನದಲ್ಲೇ, ನಾನು ಹೇಳಿದ ವಾಕ್ಯದಿಂದ ನೀವು ಈಗಾಗಲೇ ಶುದ್ಧರಾಗಿದ್ದೀರಿ ಅನ್ನುತ್ತಾನೆ. ನನ್ನನ್ನು ಕತ್ತರಿಸಿದ್ದು ಬಹುಮಟ್ಟಿಗೆ ವಾಕ್ಯವೇ. ಕೂಲಿಯ ವಚನ ಕತ್ತರಿಸಿತು. ಮತ್ತಾಯ 5:23 ಕೂಡ.

ಅದು ಪಕ್ಕದ ಜಮೀನಿನವರ ಜೊತೆ ದಾರಿಯ ಜಗಳದ ಹೊತ್ತು. ಮಾತು ಪೂರ್ತಿ ನಿಂತಿತ್ತು. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಹೋಗಿ ಸಮಾಧಾನ ಮಾಡಿಕೋ ಅಂತ ಯೇಸು ಹೇಳುತ್ತಾನೆ. ಸಭೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನದ ಭಾನುವಾರಕ್ಕೆ ಮುಂಚೆ ನಾನು ಅವರ ಮನೆಗೆ ಹೋದೆ. ಒಳಗೆ ಕರೆಯಲಿಲ್ಲ. ಒಣದ್ರಾಕ್ಷಿ ಆದಾಗ ಒಂದು ಡಬ್ಬಿ ತೆಗೆದುಕೊಂಡು ಮತ್ತೆ ಹೋದೆ. ಈಗ ನಮಸ್ಕಾರ ಅಂದರೆ ನಮಸ್ಕಾರ ಅನ್ನುತ್ತಾರೆ. ದಾರಿಯ ವಿಷಯ ಇನ್ನೂ ಬಗೆಹರಿದಿಲ್ಲ. ಆದರೆ ಅವರ ಹೆಸರು ನನ್ನ ಒಂದು ಸಾಲಿನಲ್ಲಿದೆ. ಆ ಸಾಲಿನಲ್ಲಿ ನಡೆಯುವಾಗ ಮೊದಲಿನ ಕಹಿ ಬರುವುದಿಲ್ಲ.

ಶುರು ಮಾಡುವ ಹುಡುಗಿಯರಿಗೆ ನಾನು ಮಾರ್ಕನ ಸುವಾರ್ತೆ ಕೊಡುತ್ತೇನೆ. 16 ಅಧ್ಯಾಯ, ಚಿಕ್ಕ ಚಿಕ್ಕ ಘಟನೆಗಳು. ಒಂದು ದಿನ ತಪ್ಪಿದರೆ ಮರುದಿನ ಎರಡು ಪಾಲು ಓದಬೇಡಿ, ಬಿಟ್ಟಲ್ಲಿಂದ ಮುಂದುವರಿಸಿ. ಇದು ಬಾಕಿ ತೀರಿಸುವ ಲೆಕ್ಕವಲ್ಲ. ಚಿಕ್ಕ ಮಗು ಇದ್ದು ಬೆಳಗ್ಗೆ ಏಳಲಾಗದಿದ್ದರೆ ಮಗು ಮಲಗಿದ ಮಧ್ಯಾಹ್ನ ಕೂತುಕೊಳ್ಳಿ. ಭಾನುವಾರದ ಆರಾಧನೆ ಮಾತ್ರ ತಪ್ಪಿಸಬೇಡಿ, ಅದರಲ್ಲೂ ಹಾಡಲು ಮನಸ್ಸಿಲ್ಲದ ವಾರ. ಬೆಳೆ ಹೋದ ವರ್ಷ ನಾನು ಎಷ್ಟೋ ಭಾನುವಾರ ಬಾಯಿ ಬಿಡದೆ ನಿಂತಿದ್ದೆ. ಪಕ್ಕದಲ್ಲಿದ್ದವರು ಹಾಡಿದ್ದೇ ನನಗೆ ಸಾಕಾಗಿತ್ತು.

ಮತ್ತೆ, ಒಬ್ಬರನ್ನಾದರೂ ಜೊತೆಗೆ ಇಟ್ಟುಕೊಳ್ಳಿ. ಆರಾಧನೆ ಮುಗಿದ ಮೇಲೆ ನಾನೂ ಸಭೆಯ ಒಬ್ಬ ಹಿರಿಯ ಅಮ್ಮನೂ ಚರ್ಚಿನ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂರುತ್ತೇವೆ. ಈ ವಾರ ಏನು ಓದಿದೆ, ಯಾರ ಮೇಲೆ ಸಿಟ್ಟು ಮಾಡಿಕೊಂಡೆ, ಎಲ್ಲಿ ಸಂತೋಷವಾಯಿತು ಅಂತ ಒಬ್ಬರನ್ನೊಬ್ಬರು ಕೇಳುತ್ತೇವೆ. ಅವರು ಸುಳ್ಳು ಉತ್ತರಕ್ಕೆ ಬಿಡುವುದಿಲ್ಲ. ಹಾಗೆ ಕೇಳುವ ಒಬ್ಬರು ನಿಮಗೆ ಯಾರಿದ್ದಾರೆ ಅಂತ ಯೋಚಿಸಿ, ಬರುವ ಭಾನುವಾರವೇ ಹೋಗಿ ಅವರನ್ನು ಕೇಳಿಕೊಳ್ಳಿ.